ಮೀನುಗಳಿಗೆ ಅಜ್ಜಿ ಹಾಕಿದ ನೆಲ

ಮನೆಗೊಂದೇ ಮೊಬೈಲು, ಅದೂ ಅಪ್ಪಾಜಿಯ ಅಂಗಿ ಜೇಬಿನಲ್ಲೇ ಇರುತ್ತಿದ್ದ ಕಾಲ. ಬೇಸಿಗೆ ರಜೆ ಬಂತೆಂದರೆ ಭದ್ರಾವತಿಯ ನಮ್ಮ ಕ್ವಾರ್ಟರ್ಸ್ ಮಕ್ಕಳಿಗೆ ಬೆಳಿಗ್ಗೆ ಲಗೋರಿ, ಬಿಸಿಲೇರಿದ ಮೇಲೆ ಚೌಕಾಬಾರ, ನಡುನಡುವೆ ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಆ ವರ್ಷ ಮಾತ್ರ ನಾನು ಲಗೋರಿಗೆ ಹೋದದ್ದೇ ಕಡಿಮೆ. ನಮ್ಮ ಮನೆಗೆ ಮೀನು ಬಂದಿದ್ದವು.

ಮಲವಗೊಪ್ಪದಲ್ಲಿದ್ದ ಅಪ್ಪಾಜಿಯ ಸ್ನೇಹಿತರು ಬೇರೆ ಊರಿಗೆ ಹೊರಟಾಗ ತಮ್ಮ ಗಾಜಿನ ತೊಟ್ಟಿಯನ್ನೂ ಅದರಲ್ಲಿದ್ದ ಜೋಡಿ ಗೋಲ್ಡ್ ಫಿಶ್‌ಗಳನ್ನೂ ನಮಗೆ ಕೊಟ್ಟುಬಿಟ್ಟರು. ನಮ್ಮದೋ ಲಿಂಗಪೂಜೆಯ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ಹೊಸ್ತಿಲು ದಾಟಿದ್ದಿಲ್ಲ. ಅಪ್ಪಾಜಿಯ ತಾಯಿ, ಹೊಳಲೂರಿನಿಂದ ಬಂದು ನಮ್ಮ ಜೊತೆಗಿದ್ದ ಅಜ್ಜಿ, ತೊಟ್ಟಿ ನೋಡಿ ಸೆರಗನ್ನು ಮೂಗಿಗೆ ಹಿಡಿದಳು.

“ತಿನ್ನಕ್ಕಲ್ಲ ಅವ್ವ, ನೋಡಕ್ಕೆ,” ಅಂದರು ಅಪ್ಪಾಜಿ.

“ನೋಡಕ್ಕೆ ಹೊಳೆ ಇಲ್ವೇನೋ ಮಾರಾಯ?”

ನನ್ನ ಮುಖ ನೋಡಿ ಕೊನೆಗೆ ಒಪ್ಪಿದಳು. ಆದರೆ ಒಂದು ಷರತ್ತು. “ಪೂಜೆ ಹೊತ್ತಲ್ಲಿ ಒಂಚೂರು ನಾತ ಬಂದ್ರೂ ಅವತ್ತೇ ಸಾಗಹಾಕ್ಬೇಕು.” ನನ್ನ ಇಡೀ ರಜೆಯ ಸುಖ ಅಜ್ಜಿಯ ಮೂಗಿನ ಕೈಗೆ ಹೋಯಿತು.

ಅಪ್ಪಾಜಿ ಕಾರ್ಖಾನೆಯಲ್ಲಿ ಎರಕದ ವಿಭಾಗದಲ್ಲಿದ್ದರು. ದಿನವಿಡೀ ಕರಗಿದ ಕಬ್ಬಿಣ ಹೊಯ್ಯುವ ಅಚ್ಚಿನ ಮರಳಿನಲ್ಲೇ ಕೆಲಸ, ತಲೆಕೂದಲಲ್ಲೂ ಮರಳು. ಮನೆಯಲ್ಲಿ ಮರಳಿನ ಹೆಸರೆತ್ತಿದರೆ ಅವರಿಗೆ ಆಗುತ್ತಿರಲಿಲ್ಲ. ತೊಟ್ಟಿಯ ಜೊತೆ ಬಂದಿದ್ದ ಬಣ್ಣದ ಕಲ್ಲುಗಳನ್ನು ಹಿತ್ತಲಿಗೆ ಎಸೆದು, “ತಳ ಬರೀ ಗಾಜಿರ್ಲಿ. ಬಿದ್ದ ಕಾಳು, ಕಸ ಎಲ್ಲ ಕಣ್ಣಿಗೆ ಕಾಣ್ತೈತೆ. ಪೈಪಲ್ಲಿ ಎಳೆದ್ರೆ ಮುಗೀತು,” ಅಂದರು. ಮಾತು ನಿಜವೇ. ನೀರು ಫಳಫಳ, ನಾತದ ಸುಳಿವಿಲ್ಲ.

ಆದರೆ ಮೀನುಗಳು ಮೂಲೆ ಬಿಟ್ಟು ಕದಲಲಿಲ್ಲ. ಮಧ್ಯಾಹ್ನ ತೊಟ್ಟಿಯೆದುರು ಒಣಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂರುತ್ತಿದ್ದ ಅಜ್ಜಿಯೇ ಕಾರಣ ಕಂಡುಹಿಡಿದಳು. ತಳದ ಗಾಜಿನಲ್ಲಿ ತಮ್ಮದೇ ಬಿಂಬ ಕಂಡು ಅವು ಬೆದರುತ್ತಿದ್ದವು.

“ನೆಲಾನೇ ಇಲ್ದೆ ಹೆಂಗಿರ್ತಾವೆ ಪಾಪ? ಈ ನುಣ್ಣನೆ ನೆಲದ ಮೇಲೆ ಕಾಲಿಟ್ರೆ ನಂಗೇ ಜೀವ ಪುಕಪುಕ ಅಂತೈತೆ,” ಅಂದಳು.

ಹೊಳಲೂರಿನಿಂದ ಬಂದ ಚಿಕ್ಕಪ್ಪ ಅಜ್ಜಿಯ ಮಾತಿನಂತೆ ಒಂದು ಚೀಲ ಹೊಳೆಯ ಮರಳು ತಂದರು. ಅಪ್ಪಾಜಿ ಶಿಫ್ಟಿಗೆ ಹೋದದ್ದೇ ತಡ, ಅಜ್ಜಿ ಮರಳನ್ನು ಜರಡಿ ಹಿಡಿದು, ಅಕ್ಕಿ ತೊಳೆದ ಹಾಗೆ ತಿಳಿನೀರು ಬರುವವರೆಗೆ ತೊಳೆದಳು. ನಾನು ಮೀನುಗಳನ್ನು ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಬಿಟ್ಟು ತೊಟ್ಟಿ ಖಾಲಿ ಮಾಡಿದೆ. ಮೀನಿಲ್ಲದ ತೊಟ್ಟಿ ಬರೀ ಪಾತ್ರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅಜ್ಜಿ ಒಳಗೆ ಕೈಯಿಟ್ಟಳು. ಅರ್ಧ ಗೇಣೆತ್ತರ ಮರಳು ಸುರಿದು, ಹಳೆಯ ಮನೆಗೆ ಮಣ್ಣಿನ ನೆಲ ಹಾಕುವಾಗ ಮಾಡುತ್ತಿದ್ದಂತೆ ಮರದ ತುಂಡಿನಿಂದ ತಟ್ಟಿ ತಟ್ಟಿ ಗಟ್ಟಿ ಮಾಡಿದಳು.

“ಸಡಿಲ ಬಿಟ್ರೆ ನೆಲ ಏಳ್ತೈತೆ ಕಣೆ.”

ಮೀನುಗಳು ಮೂಲೆ ಬಿಟ್ಟು ಓಡಾಡತೊಡಗಿದವು. ಅಪ್ಪಾಜಿ ಗೊಣಗಿದರೂ ಮರಳು ತೆಗೆಸಲಿಲ್ಲ. ಆದರೆ ಕೆಲವು ವಾರಗಳಲ್ಲೇ ಗಾಜಿನಂಚಿನ ಮರಳಿನಲ್ಲಿ ಕಪ್ಪು ಗೆರೆಗಳು ಕಾಣಿಸಿಕೊಂಡವು. ಆಮೇಲೆ ವಾಸನೆ. ಕೊಳೆತ ಮೊಟ್ಟೆಯ ವಾಸನೆ ಅನ್ನುತ್ತಾರಂತೆ. ನಮಗೆ ಮೊಟ್ಟೆ ಗೊತ್ತಿದ್ದರಲ್ಲವೇ? ಚರಂಡಿ ಕಟ್ಟಿದೆ ಎಂದುಕೊಂಡೆವು. ನನಗೆ ಮಾತ್ರ ಅನುಮಾನ ಬಂದು, ದಿನಾ ಬೆಳಿಗ್ಗೆ ಊದಿನಕಡ್ಡಿ ಹೆಚ್ಚು ಹೆಚ್ಚು ಹಚ್ಚುತ್ತಿದ್ದೆ.

ಒಂದು ಬೆಳಿಗ್ಗೆ ಅಜ್ಜಿ ಪೂಜೆಗೆ ಕೂತಿದ್ದಾಗ ಅಪ್ಪಾಜಿ ತೊಟ್ಟಿಯ ಬಳಿ ಬಗ್ಗಿ ಮೂಸಿದರು.

“ಗಟ್ಟಿ ಬಡಿದಿದ್ದಕ್ಕೆ ಕೆಳಗೆ ಕೊಳೀತಾ ಐತೆ. ಮರಳೂ ಬೇಡ, ಮೀನೂ ಬೇಡ. ಸಂಜೆ ಯಾರಿಗಾದ್ರೂ ಕೊಟ್ಟುಬರ್ತೀನಿ. ನಾತ ಬಂದ್ರೆ ಸಾಗಹಾಕು ಅಂದಿದ್ದು ನೀನೇ ಅಲ್ವಾ ಅವ್ವ?”

ನಾನು ಜೋರಾಗಿ ಅತ್ತುಬಿಟ್ಟೆ. ಅಜ್ಜಿ ಅಂಗೈಯಲ್ಲಿದ್ದ ಲಿಂಗವನ್ನು ಕರಡಿಗೆಯೊಳಗಿಟ್ಟು ಎದ್ದು ಬಂದಳು. ಪೂಜೆ ಅರ್ಧಕ್ಕೆ ಬಿಟ್ಟು ಅವಳು ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

“ನೆಲ ಹಾಕಿದ್ದು ನಾನು. ಅವಕ್ಯಾಕೋ ಶಿಕ್ಷೆ?”

ಬಲೆ ಹುಡುಕಲು ಓಡಿದ ನಾನು ವಾಪಸು ಬರುವಷ್ಟರಲ್ಲಿ ಅಜ್ಜಿ ಮೊಣಕೈವರೆಗೆ ಕೈ ನೀರಿಗಿಳಿಸಿ, ಬೊಗಸೆಯಲ್ಲಿ ಮೀನು ಹಿಡಿದು ಬಕೆಟ್ಟಿಗೆ ಬಿಡುತ್ತಿದ್ದಳು. ಹಣೆಯ ವಿಭೂತಿ ಹಾಗೇ ಇತ್ತು. “ಅಯ್ಯೋ, ಕಚಗುಳಿ ಇಡ್ತಾವಲ್ಲೇ!” ಎಂದು ನಕ್ಕಳು. ಕಪ್ಪು ಮರಳನ್ನೆಲ್ಲ ತಾನೇ ಬಾಚಿ ತೆಗೆದು, ಮತ್ತೆ ಸ್ನಾನ ಮಾಡಿ, ಪೂಜೆಯನ್ನು ಮೊದಲಿಂದ ಶುರುಮಾಡಿದಳು. ಆ ದಿನ ರೊಟ್ಟಿ ತಟ್ಟೆಗೆ ಬಿದ್ದಾಗ ಮಧ್ಯಾಹ್ನವಾಗಿತ್ತು. ಅಪ್ಪಾಜಿಯೂ ಪೂಜೆ ಮುಗಿಯುವವರೆಗೆ ಹಸಿದು ಕಾದರು.

ಆಮೇಲೆ ಬೆರಳ ದಪ್ಪ ಮರಳನ್ನಷ್ಟೇ ಸಡಿಲವಾಗಿ ಹರಡಿದೆವು. ಮೀನುಗಳು ಅದನ್ನು ಬಾಯಿಗೆ ತುಂಬಿಕೊಂಡು, ಜಾಲಾಡಿ, ಉಗುಳುತ್ತಿದ್ದವು. “ನೋಡ್ರೀ, ಅವುಗಳ ಮನೆ ಅವೇ ಗುಡಿಸ್ಕೊಳ್ತಾವೆ,” ಎಂದು ಅಜ್ಜಿ ಬಂದವರಿಗೆಲ್ಲ ತೋರಿಸುತ್ತಿದ್ದಳು.

ಈಗ ನಾನು ಶಿವಮೊಗ್ಗದ ಗೋಪಾಳದಲ್ಲಿದ್ದೇನೆ. ಮನೆಯ ಹಾಲ್‌ನಲ್ಲೊಂದು ಅಕ್ವೇರಿಯಂ ಇದೆ. ಕೆಲಸದ ಗಡಿಬಿಡಿಯಲ್ಲಿ ಮರಳು ತೊಳೆಯಲು ಪುರುಸೊತ್ತೆಲ್ಲಿ? ತಳ ಬರೀ ಗಾಜು, ಬಿಂಬ ಕಾಣದಿರಲೆಂದು ಹೊರಗಿನಿಂದ ಕಪ್ಪು ಹಾಳೆ ಅಂಟಿಸಿದ್ದೇನೆ. ಅಪ್ಪಾಜಿ ಬಂದಾಗಲೆಲ್ಲ “ನಾನು ಅವತ್ತೇ ಹೇಳಿದ್ದೆ” ಎಂದು ಬೀಗುತ್ತಾರೆ.

ಅಜ್ಜಿ ಹೋಗಿ ಎಷ್ಟೋ ವರ್ಷವಾಯಿತು. ನನ್ನ ತೊಟ್ಟಿ ಈಗ ನಾರುವುದಿಲ್ಲ. ನಾರಿದರೆ ಪೂಜೆ ಬಿಟ್ಟೆದ್ದು ಬಂದು ಕೈ ಹಾಕುವವರೂ ಇಲ್ಲ.