ಚಾವಣಿ ತಟ್ಟಿದ ಚಿಕ್ಕಮುನಿಯಪ್ಪ

೧೯೬೫ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ ಚಿಕ್ಕಮುನಿಯಪ್ಪ ಬಂಗಾರಪೇಟೆಯಲ್ಲಿ ನಿಂತಿದ್ದ ರೈಲು ಹತ್ತಿ, ಬೋಗಿಯ ಚಾವಣಿಯನ್ನು ಕೋಲಿನಿಂದ ತಟ್ಟುತ್ತಿದ್ದ. ಪಾಕಿಸ್ತಾನದೊಡನೆ ಯುದ್ಧ ನಡೆದಿತ್ತು. ವಿಮಾನಗಳು ಚಿನ್ನದ ಗಣಿಗೇ ಬಾಂಬು ಹಾಕುತ್ತವೆಂದು ಅವನಿದ್ದ ಗಣಿಯೂರು ಚಾಂಪಿಯನ್ ರೀಫ್ಸಿನಲ್ಲೆಲ್ಲ ಗುಲ್ಲೆದ್ದಿತ್ತು. ಆದರೂ ಬಸುರಿ ಮಗಳು ಸಂಪಂಗಿಯನ್ನು ಚೊಚ್ಚಲ ಹೆರಿಗೆಗೆ ಗಂಡನ ಮನೆಯಿಂದ ತವರಿಗೆ ಕರೆದೊಯ್ಯದೆ ವಿಧಿಯಿರಲಿಲ್ಲ. ಅದಕ್ಕೇ ಅವನು ಗಣಿಯ ಗಟ್ಟಿ ಟೋಪಿ ಹಾಕಿಕೊಂಡು, ಹೆಂಡತಿ ಕದಿರಮ್ಮನೊಡನೆ ಬಂದಿದ್ದ.

ಗಣಿಯಲ್ಲಿ ತಲೆಯ ಮೇಲಿನ ಬಂಡೆಯನ್ನು ತಟ್ಟಿ ನೋಡದೆ ಅವನು ಎಂದೂ ಕೆಲಸಕ್ಕೆ ಕೈಹಾಕಿದವನಲ್ಲ. ಟಣ್ ಎಂದರೆ ಬಂಡೆ ಭದ್ರ. ಡಬಡಬ ಎಂದರೆ ಬೀಳುವಂಥದ್ದು. ಬೋಗಿ ಡಬಡಬ ಎಂದಿತು.

"ಇಳೀರಿ ಇಳೀರಿ! ಬಾಂಬ್ಯಾಕೆ, ಕಾಗೆ ಕೂತ್ರೂ ಬೀಳ್ತದೆ ಇದು. ಎತ್ತಿನ ಗಾಡೀಲಿ ಓಗಾನ."

"ಗಾಡೀಗೆ ಇರೋದು ಬಿದಿರು ಚಾಪೆ," ಎಂದಳು ಕದಿರಮ್ಮ. "ಅದನ್ನೂ ತಟ್ಟಿ ನೋಡ್ಬುಡಿ! ಆ ಕುಲುಕಾಟದಾಗೆ ನೋವು ಬಂದ್ರೆ ಸೂಲಗಿತ್ತಿ ಕೆಲ್ಸ ನೀವು ಮಾಡ್ತೀರಾ?"

ಬೋಗಿಯೆಲ್ಲ ನಕ್ಕಿತು. ಅಷ್ಟರಲ್ಲಿ ಶಿಳ್ಳೆ ಕೂಗಿ ರೈಲು ಹೊರಟೇಬಿಟ್ಟಿತು. ಅವನು ಬೇರೆ ದಾರಿ ಕಾಣದೆ ತನ್ನ ಟೋಪಿ ತೆಗೆದು ಮಗಳ ತಲೆಗಿಟ್ಟು, ಗಲ್ಲದ ಕೆಳಗೆ ಪಟ್ಟಿ ಬಿಗಿದ.

ಸಂಪಂಗಿ ನಗು ತಡೆದುಕೊಂಡು ಕೇಳಿದಳು: "ಅಂಗಾರೆ ಭಯಾನೇ ಇಲ್ದಿರೋ ಜಾಗ ಎಲ್ಲೈತಪ್ಪಾ?"

ಚಿಕ್ಕಮುನಿಯಪ್ಪ ಚಾವಣಿಯಿಂದ ಕಣ್ಣು ತೆಗೆಯದೆ, ಎಲ್ಲರಿಗೂ ಕೇಳುವಂತೆ ಹೇಳಿದ: "ನಾನು ಕೆಲ್ಸ ಮಾಡೋ ತಾವು ಕಣಮ್ಮಾ. ನೆಲದಿಂದ ಕೆಳಕ್ಕೆ ಒಂಬತ್ತು ಸಾವಿರ ಅಡಿ."