ಪಕ್ಕದವರ ಕಲ್ಲಿನಿಂದ ಎಣಿಸಿದ್ದು

ಭಾನುವಾರ ಬೆಳಿಗ್ಗೆ ಸೈಟು ನೋಡಲು ಹೋಗುವುದು ನಮ್ಮ ಮನೆಯ ಪದ್ಧತಿಯಾಗಿ ನಾಲ್ಕು ವರ್ಷವಾಗಿತ್ತು. ನೋಡುವುದಕ್ಕೆ ಅಲ್ಲಿ ಏನೂ ಇರಲಿಲ್ಲ. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದದ ಒಂದು ತುಂಡು ನೆಲ, ಮೂಲೆಗೊಂದು ಕಲ್ಲು, ನಡುವೆ ಪಾರ್ಥೇನಿಯಂ ಗಿಡ. ಆದರೂ ಅಪ್ಪ ಶನಿವಾರ ಸಂಜೆಯೇ ಸುಣ್ಣ ನೆನೆಸಿಡುತ್ತಿದ್ದರು. ಜಯನಗರದ ಬಾಡಿಗೆ ಮನೆಯಿಂದ ಅಪ್ಪ, ಅಮ್ಮ, ನಾನು, ಮೂವರೂ ಎರಡು ಬಸ್ಸು ಹತ್ತಿ ಕನಕಪುರ ರಸ್ತೆಯಲ್ಲಿ ಇಳಿದು ಜರಗನಹಳ್ಳಿಯ ಒಳಗೆ ನಡೆಯುತ್ತಿದ್ದೆವು. ಅಮ್ಮ ಗಿಡ ಕೀಳುತ್ತಿದ್ದರು. ಅಪ್ಪ ಕಲ್ಲುಗಳಿಗೆ ಸುಣ್ಣ ಬಳಿದು, ಬೀದಿಯ ಕಡೆಯ ಕಲ್ಲಿನ ಮೇಲೆ ಟಾರಿನಲ್ಲಿ ಏಳು ಎಂಬ ಅಂಕಿಯನ್ನು ಮತ್ತೆ ತಿದ್ದುತ್ತಿದ್ದರು. ಆ ಸಾಲಿನ ಹನ್ನೆರಡು ಸೈಟಿನವರೂ ಹೀಗೇ ಮಾಡುತ್ತಿದ್ದರು. ಸುಣ್ಣ ಮಾಸಿದ ಕಲ್ಲು ಬೇರೆಯವರದಾಗಿಬಿಡುತ್ತದೆ ಎಂಬ ಭಯ ಎಲ್ಲರಿಗೂ ಇತ್ತು.

ಅದು ರೆವಿನ್ಯೂ ಸೈಟು. ರಾಗಿ ಹೊಲವನ್ನು ಹೊಲದವರೇ ಗೆರೆ ಎಳೆದು ತುಂಡು ಮಾಡಿ ಮಾರಿದ್ದು. ಸರ್ಕಾರದ ಕಾಗದದಲ್ಲಿ ಅದು ಇನ್ನೂ ಹೊಲವೇ. ಮಾರಿದವರನ್ನು ನಾವೆಲ್ಲ ಯಜಮಾನರು ಎನ್ನುತ್ತಿದ್ದೆವು. ಅವರ ಮನೆ ಊರೊಳಗೆ, ಸಾಲಿನಿಂದ ಕೂಗಳತೆಯಲ್ಲಿತ್ತು.

ಹಿಂತಿರುಗುವಾಗ ಬಸ್ ನಿಲ್ದಾಣದ ಬಳಿಯ ಟೀ ಅಂಗಡಿಯಲ್ಲಿ ಅಪ್ಪ ನಿಲ್ಲುತ್ತಿದ್ದರು. ಟೀಗಿಂತ ಹೆಚ್ಚಾಗಿ ಸೈಟಿನ ರೇಟಿಗಾಗಿ.

“ಹೆಂಗಿದೆಯಪ್ಪಾ, ಈ ವಾರ?”

“ಏರ್ತದೆ ಸಾರ್. ಜೇಪಿ ನಗರಕ್ಕೆ ನೀರಿನ ಪೈಪ್ ಬಂತಲ್ಲ, ಇನ್ನೊಂದ್ ವರ್ಷ ಕಣ್ಮುಚ್ಕೊಂಡ್ ಕೂತ್ಕೊಳ್ಳಿ. ನಿನ್ನೆ ಕಾರಲ್ಲಿ ಇಬ್ರು ಬಂದಿದ್ರು.”

“ಬಂದೋರು ಟೀ ಕುಡಿದ್ರಾ?” ಎಂದು ಅಮ್ಮ ಕೇಳಿದರು.

“ಇಲ್ಲಕ್ಕಾ. ದಾರಿ ಕೇಳಿದ್ರು.”

“ದಾರಿ ತಪ್ಪಿದೋರು ಬಂದ್ರೂ ಇವನ ಅಂಗಡೀಲಿ ರೇಟ್ ಏರುತ್ತೆ ನೋಡಿ,” ಎಂದು ಅಮ್ಮ ಅಪ್ಪನ ಕಡೆ ತಿರುಗಿದರು. ಅಪ್ಪ ನಗಲಿಲ್ಲ. ಅವರು ಆಗಲೇ ಮನಸ್ಸಿನಲ್ಲಿ ಒಂದು ವರ್ಷ ಕಾಯುವುದೆಂದು ತೀರ್ಮಾನಿಸಿದ್ದರು.

ಮುಂದಿನ ವಾರ ಅದೇ ಮನುಷ್ಯ ಅಷ್ಟೇ ಖಚಿತವಾಗಿ ಇಳಿಯುತ್ತದೆ ಎಂದ. ನಗರಾಭಿವೃದ್ಧಿ ಪ್ರಾಧಿಕಾರದವರು ಬಡಾವಣೆ ಮಾಡಲು ಈ ಹೊಲಗಳನ್ನೆಲ್ಲ ತೆಗೆದುಕೊಳ್ಳುತ್ತಾರಂತೆ, ಸರ್ವೆ ನಂಬರುಗಳು ಪೇಪರಿನಲ್ಲಿ ಬರುತ್ತವಂತೆ. ಆ ವಾರವೆಲ್ಲ ಅಪ್ಪ ಮಾರಿಬಿಡೋಣ ಎಂದರು. ಅದರ ಮುಂದಿನ ವಾರ ಕಟ್ಟಿಬಿಡೋಣ ಎಂದರು. ಊಟಕ್ಕೆ ಕುಳಿತವರು ಅರ್ಧಕ್ಕೇ ಕೈ ನಿಲ್ಲಿಸಿ, “ಅಕಸ್ಮಾತ್ ಅವರು ತಗೊಂಡ್ರೆ?” ಎನ್ನುತ್ತಿದ್ದರು. ಯಾರು, ಏನನ್ನು ಎಂದು ನಾವು ಕೇಳುತ್ತಿರಲಿಲ್ಲ. ಎಂಬತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನಮ್ಮ ಮನೆಯಲ್ಲಿ ಯಾವ ಕುರ್ಚಿಯಲ್ಲೂ ಯಾರೂ ಪೂರ್ತಿ ಕುಳಿತ ನೆನಪು ನನಗಿಲ್ಲ.

ಆ ಬೇಸಿಗೆಯಲ್ಲಿ ಎರಡು ಸುದ್ದಿ ಒಟ್ಟಿಗೆ ಬಂದವು. ಬಾಡಿಗೆ ಮನೆಯ ಮಾಲೀಕರು, ಮಗಳು ಅಳಿಯ ಬಂದು ಇರುತ್ತಾರೆ, ಮೂರು ತಿಂಗಳಲ್ಲಿ ಮನೆ ಬಿಟ್ಟುಕೊಡಿ ಎಂದರು. ಸಾಲಿನಲ್ಲಿ ಇನ್ನೊಂದು ಮಾತು ಹಬ್ಬಿತು: ಪಾಯ ಎದ್ದಿರುವ ಜಾಗವನ್ನು ಪ್ರಾಧಿಕಾರ ಬಿಟ್ಟುಬಿಡುತ್ತದೆ, ಬರಿಯ ನೆಲವನ್ನು ಮಾತ್ರ ತೆಗೆದುಕೊಳ್ಳುತ್ತದೆ. ಇದನ್ನು ಯಾರು ಹೇಳಿದರು ಎಂಬುದು ಕೊನೆಗೂ ತಿಳಿಯಲಿಲ್ಲ. ಹದಿನೈದು ದಿನದೊಳಗೆ ಒಂದರಿಂದ ಆರರವರೆಗಿನ ನಂಬರಿನವರು ಪಾಯ ಎಬ್ಬಿಸಿದ್ದರು. ಮುಂದಿನವರು ನಾವು. ನಮ್ಮ ಆಚೆಗೆ ಹನ್ನೆರಡರವರೆಗೆ ಎಲ್ಲ ಖಾಲಿ ನೆಲ.

ನಾನು ಆಗ ಒಂದು ಕಟ್ಟಡ ನಕ್ಷೆಯ ಕಚೇರಿಯಲ್ಲಿ ಟ್ರೇಸರ್ ಆಗಿ ಕೆಲಸಕ್ಕೆ ಸೇರಿ ಒಂದು ವರ್ಷವಾಗಿತ್ತು. ಎಂಜಿನಿಯರು ಪೆನ್ಸಿಲ್ಲಿನಲ್ಲಿ ಬರೆದ ನಕ್ಷೆಯ ಮೇಲೆ ಪಾರದರ್ಶಕ ಕಾಗದ ಹಾಸಿ ಇಂಕಿನಲ್ಲಿ ತಿದ್ದುವುದು ನನ್ನ ಕೆಲಸ. ಪಾಯ ಗುರುತು ಹಾಕುವ ಭಾನುವಾರ ನಾನು ಕಚೇರಿಯಿಂದ ನೂರಡಿಯ ಟೇಪು ಕೇಳಿ ತಂದೆ. ಟ್ರಂಕಿನ ತಳದಲ್ಲಿ ಕ್ರಯದ ಕರಾರಿನ ಜೊತೆ ಮಡಿಸಿಟ್ಟಿದ್ದ ಲೇಔಟ್ ನಕ್ಷೆಯನ್ನೂ ತೆಗೆದುಕೊಂಡೆ. ನಾಲ್ಕು ವರ್ಷದಲ್ಲಿ ಅದು ಮೊದಲ ಸಲ ಸೈಟಿಗೆ ಬಂದದ್ದು. ಅಷ್ಟು ಬೆಲೆಬಾಳುವ ಕಾಗದವನ್ನು ಬಿಸಿಲಿಗೆ ಒಯ್ಯಲು ಅಮ್ಮ ಬಿಟ್ಟಿರಲಿಲ್ಲ. ಉಳಿದ ಮನೆಗಳಲ್ಲೂ ಹಾಗೇ ಇದ್ದಿರಬೇಕು.

ಅಳತೆಯನ್ನು ನಡುವಿನಿಂದ ಶುರು ಮಾಡಬಾರದೆಂದು ಕಚೇರಿಯಲ್ಲಿ ಕಲಿಸಿದ್ದರು. ಆದ್ದರಿಂದ ನಾನು ಸಾಲಿನ ಮೊದಲಿಗೆ ಹೋದೆ. ಅಲ್ಲಿ ಹುಣಸೆ ಮರ, ಮರದ ಬುಡದಲ್ಲಿ ಅರಿಶಿನ ಕುಂಕುಮ ಹಚ್ಚಿದ ಮುನೇಶ್ವರನ ಕಲ್ಲು, ಪಕ್ಕದಲ್ಲಿ ಯಜಮಾನರ ಹುಲ್ಲಿನ ಬಣವೆ. ನಕ್ಷೆಯ ಪ್ರಕಾರ ಒಂದನೆಯ ಸೈಟು ಆ ಮರದಿಂದಲೇ ಶುರುವಾಗಬೇಕು. ಏಳನೆಯದು ನೂರ ಎಂಬತ್ತನೆಯ ಅಡಿಗೆ. ಪಾಯಕ್ಕೆಂದು ಅಪ್ಪ ಕರೆಸಿದ್ದ ಆ ಊರಿನ ಮೇಸ್ತ್ರಿ ಟೇಪಿನ ತುದಿ ಹಿಡಿದರು, ನಾನು ಸುರುಳಿ ಬಿಚ್ಚುತ್ತ ನಡೆದೆ. ನೂರ ಎಂಬತ್ತನೆಯ ಅಡಿಗೆ ಸಿಕ್ಕಿದ್ದು ಆರನೆಯ ನಂಬರಿನವರು ಎಬ್ಬಿಸಿದ್ದ ಪಾಯದ ಮೊದಲ ಮೂಲೆ. ನಾವು ಸುಣ್ಣ ಬಳಿಯುತ್ತಿದ್ದ ಕಲ್ಲು ಇದ್ದದ್ದು ಇನ್ನೂರ ಹತ್ತಕ್ಕೆ. ಮತ್ತೆ ಅಳೆದೆವು. ಮತ್ತೆ ಅಷ್ಟೇ ಬಂತು.

ಮೇಸ್ತ್ರಿ ಟೇಪನ್ನು ಕೆಳಗಿಟ್ಟು ಬೀಡಿ ಹಚ್ಚಿದರು. “ಇದು ಆಗಿರೋದೇ ಹಿಂಗೆ ಕಣವ್ವಾ. ಒಂದನೇ ನಂಬರ್ನೋರ ಹೆಂಡ್ತಿ ಮುನೇಶ್ವರನ ಪಕ್ಕ ಮನೆ ಬೇಡ ಅಂದ್ಲು. ಸರಿ, ಪಕ್ಕದ್ ತಗೊಳ್ಳಿ ಅಂದ್ರು ಯಜಮಾನ್ರು. ಅವ್ರು ಎರಡನೇದ್ರಲ್ಲಿ ಒಂದು ಅಂತ ಬರ್ಕೊಂಡ್ರು. ಎರಡ್ನೋರು ಬಂದು ನೋಡಿದ್ರೆ ಅಲ್ಲಿ ಒಂದು ಅಂತೈತೆ, ಅವ್ರು ಮುಂದಕ್ ಹೋದ್ರು. ಎಲ್ರೂ ಪಕ್ಕದೋರ ಕಲ್ಲಿಂದ ಎಣಿಸ್ಕೊಂಡ್ರು. ಮರದಿಂದ ಯಾರ್ ಎಣಿಸ್ತಾರೆ?”

ನಾವೂ ಹಾಗೇ ಎಣಿಸಿದ್ದೆವು. ಅಪ್ಪ ಮೊದಲ ದಿನ ಆರು ಎಂದು ಬರೆದಿದ್ದ ಕಲ್ಲು ಹುಡುಕಿ, ಅದರ ಮುಂದಿನದಕ್ಕೆ ಏಳು ಎಂದು ಬರೆದದ್ದು ನನಗೆ ಚೆನ್ನಾಗಿ ನೆನಪಿತ್ತು.

ನಾನು ಸಾಲಿನ ಕೊನೆಗೆ ನಡೆದೆ. ನಕ್ಷೆಯ ಹನ್ನೆರಡನೆಯ ಸೈಟು ಮುನ್ನೂರ ಅರವತ್ತನೆಯ ಅಡಿಗೆ ಮುಗಿಯುತ್ತದೆ. ಅದರಾಚೆ ಕೆರೆಗೆ ಹೋಗುವ ಕಾಲುವೆಯ ದಂಡೆ, ಯಾರೂ ಮಾರುವಂತಿಲ್ಲದ, ಕಟ್ಟುವಂತಿಲ್ಲದ ಸರ್ಕಾರದ ಖರಾಬು ಜಮೀನು. ಹನ್ನೆರಡು ಎಂದು ಬರೆದ ನಾಲ್ಕು ಕಲ್ಲು ನಿಂತಿದ್ದದ್ದು ಆ ದಂಡೆಯ ಮೇಲೆ. ಮಳೆ ಸರಿಯಾಗಿ ಬರದ ವರ್ಷಗಳಲ್ಲಿ ಅದು ಎಲ್ಲ ನೆಲದಂತೆಯೇ ಕಾಣುತ್ತಿತ್ತು.

ಅಪ್ಪನಿಗೆ ನಕ್ಷೆ ಬಿಚ್ಚಿ ತೋರಿಸಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

“ಈಗ ಸರಿ ಮಾಡೋಕೆ ಹೋದ್ರೆ ಯಾರಿಗೆ ಹೋಗುತ್ತೆ?”

ಉತ್ತರ ಕಾಗದದ ಮೇಲೇ ಇತ್ತು. ಆರರವರೆಗೆ ಪಾಯ ಎದ್ದಿದೆ, ಅವರು ಹಿಂದೆ ಸರಿಯುವುದಿಲ್ಲ. ಎಂಟರಿಂದ ಆಚೆ ಎಲ್ಲ ಖಾಲಿ, ಅವರೆಲ್ಲ ಒಂದೊಂದು ಸೈಟು ಹಿಂದಕ್ಕೆ ಬಂದು ತಮ್ಮ ನಿಜವಾದ ಜಾಗಕ್ಕೆ ಸೇರಬಹುದು. ನಮ್ಮ ನಿಜವಾದ ಜಾಗದಲ್ಲಿ ಆರನೆಯವರ ಪಾಯ, ನಾವು ಸುಣ್ಣ ಬಳಿದದ್ದು ಎಂಟನೆಯವರ ಜಾಗ; ಹಾಗಾದರೆ ನಡುವೆ ಜಾಗವಿಲ್ಲದೆ ಉಳಿಯುವವರು ನಾವು. ನಾವು ಈಗಿರುವಲ್ಲೇ ಕಟ್ಟಿದರೆ, ಕಳೆದುಕೊಳ್ಳುವವರು ಹನ್ನೆರಡನೆಯವರು.

“ನಮಗೆ,” ಎಂದೆ.

ಅಪ್ಪ ನಕ್ಷೆಯನ್ನು ಹಳೆಯ ಮಡಿಕೆಗಳ ಮೇಲೇ ಮಡಿಸಿದರು. “ಮೇಸ್ತ್ರೀ, ಗುರುತು ಹಾಕಿ,” ಎಂದರು.

ಸುಣ್ಣದ ಪುಡಿಯ ಗೆರೆ ಅರ್ಧ ಮುಗಿದಿತ್ತು. ಆಗ ಹನ್ನೆರಡನೆಯವರು ಬಂದರು. ಅವರು ಒಂದು ಶಾಲೆಯಲ್ಲಿ ಹೊಲಿಗೆ ಟೀಚರ್. ಬನಶಂಕರಿಯ ಒಂದು ಔಟ್‌ಹೌಸಿನಲ್ಲಿ ತಾಯಿಯ ಜೊತೆ ಇದ್ದರು. ಭಾನುವಾರ ಮನೆಯಲ್ಲಿ ಹೊಲಿಗೆ ಕಲಿಸುತ್ತಿದ್ದರಿಂದ ಸೈಟಿಗೆ ಬರುತ್ತಿದ್ದದ್ದು ಅಪರೂಪ. ಅಂದು ಪಾಯದ ಸುದ್ದಿ ಕೇಳಿ ಬಂದಿದ್ದರು.

“ಏನಮ್ಮಾ, ನೀನು ನಕ್ಷೆ ಕೆಲಸ ಮಾಡೋಳಲ್ವಾ? ನಂದೂ ಸ್ವಲ್ಪ ಅಳೆದು ಹೇಳೇ ತಾಯಿ. ಬಟ್ಟೆ ಆದ್ರೆ ಕಣ್ಣಲ್ಲೇ ಹೇಳ್ಬಿಡ್ತೀನಿ. ನೆಲ ನಂಗೆ ಗೊತ್ತಾಗಲ್ಲ.”

ನಾನು ಅಪ್ಪನ ಕಡೆ ನೋಡಿದೆ. ಅವರು ನೆಲದ ಮೇಲಿನ ಗೆರೆ ನೋಡುತ್ತಿದ್ದರು. ನಾನು ಟೀಚರ್ ಜೊತೆ ದಂಡೆಗೆ ಹೋದೆ. ಅವರು ಟೇಪಿನ ತುದಿಯನ್ನು ಎರಡು ಬೆರಳಲ್ಲಿ, ಅಂಗಡಿಯಲ್ಲಿ ಬಟ್ಟೆ ಹಿಡಿದ ಹಾಗೆ ಹಿಡಿದರು. ಅಗಲ ಮೂವತ್ತು, ಉದ್ದ ನಲವತ್ತು ಬಂತು.

“ಸರಿಯಾಗಿದೆಯಾ?”

“ಸರಿಯಾಗಿದೆ ಟೀಚರ್. ಮೂವತ್ತು ನಲವತ್ತು ಪೂರ್ತಿ ಇದೆ.”

“ಅಬ್ಬಾ. ಇನ್ನು ನಮ್ಮಮ್ಮ ನೆಮ್ಮದಿಯಾಗಿ ಊಟ ಮಾಡ್ತಾಳೆ,” ಎಂದು ಅವರು ನಕ್ಕರು.

ಸೋಮವಾರ ಗುದ್ದಲಿ ಪೂಜೆ ಆಯಿತು. ಮಂಗಳವಾರ ಪಾಯ ಕಟ್ಟುವ ಸೈಜುಗಲ್ಲು ಬಂತು. ಆ ವಾರ ಕಚೇರಿಯಲ್ಲಿ ನಾನು ಎರಡು ಹಾಳೆ ಕೆಡಿಸಿದೆ. ಮನೆಯಲ್ಲಿ ಅಪ್ಪ ಒಂದು ಕೋಣೆಯಿಂದ ಇನ್ನೊಂದಕ್ಕೆ ಓಡಾಡುತ್ತಿದ್ದರು. ಅಮ್ಮನಿಗೆ ವಿಷಯ ಗೊತ್ತಾಗಿತ್ತು. “ಆ ಟೀಚರಿಗೂ ಒಬ್ಬಳು ತಾಯಿ ಇದ್ದಾಳೆ ಅಂತ ನಿಮ್ಮಪ್ಪನಿಗೆ ಅಂದೆ, ಅಷ್ಟೇ. ಬೇರೇನೂ ಅನ್ನಲಿಲ್ಲ ನಾನು,” ಎಂದು ಅವರು ನನಗೆ ಹೇಳಿದರು. ಅಪ್ಪ ಅದಕ್ಕೆ, “ಮೂರು ತಿಂಗಳಾದ ಮೇಲೆ ನಿನ್ನನ್ನ ಎಲ್ಲಿ ಕೂರಿಸಲಿ ಹೇಳು,” ಎಂದರಂತೆ.

ನಾನು ಟೀಚರ್ ಮನೆಗೆ ಹೋದದ್ದು ಶನಿವಾರ. ಅಷ್ಟು ದಿನ ಧೈರ್ಯ ಬರಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ನಮ್ಮ ಪಾಯ ನೆಲದಿಂದ ಮೇಲೇಳುವವರೆಗೆ ನಾನು ಕಾದೆ.

ಕಚೇರಿಯ ಬಿಡುವಿನಲ್ಲಿ ಆ ಸಾಲನ್ನು ನಾನು ಟ್ರೇಸ್ ಮಾಡಿದ್ದೆ. ನಕ್ಷೆಯ ಹನ್ನೆರಡು ಚೌಕ ಕಪ್ಪಿನಲ್ಲಿ, ಕಲ್ಲುಗಳಿರುವ ಹನ್ನೆರಡು ಚೌಕ ಕೆಂಪಿನಲ್ಲಿ. ಟೀಚರ್ ಅದನ್ನು ಹೊಲಿಗೆ ಯಂತ್ರದ ಮೇಲೆ ಹರಡಿಕೊಂಡರು. ಅವರಿಗೆ ವಿವರಿಸುವ ಅಗತ್ಯವೇ ಬರಲಿಲ್ಲ. ಕೆಂಪು ಚೌಕದ ಮೇಲೆ ಬೆರಳಿಟ್ಟು ಮರದವರೆಗೆ ಒಂದೊಂದಾಗಿ ಹಿಂದಕ್ಕೆ ಎಣಿಸಿದರು.

“ನಿಂಗೆ ಯಾವಾಗ ಗೊತ್ತಾಯ್ತು?”

“ಭಾನುವಾರ. ನಿಮ್ಮದು ಅಳೆಯೋಕೆ ಮುಂಚೆ.”

“ನಿಮ್ಮಪ್ಪನಿಗೆ?”

“ಅವರಿಗೂ.”

ಒಳಗಿನಿಂದ ಅವರ ತಾಯಿ, “ಯಾರೇ ಅದು? ಕಾಫಿ ಇಡ್ಲಾ?” ಎಂದರು. “ಬೇಡಮ್ಮಾ, ಹೊರಟ್ಳು,” ಎಂದು ಟೀಚರ್ ಉತ್ತರಿಸಿದರು. ಆಮೇಲೆ ನನ್ನ ಕಡೆ ನೋಡದೆ, “ನಾಳೆ ಯಜಮಾನ್ರ ಮನೆಗೆ ಹೋಗ್ತೀನಿ. ಬರ್ತೀಯಾ? ಅಳೆದಿದ್ದು ನಾನೇ ಅಂತ ಅಲ್ಲಿ ನೀನು ಹೇಳೋಕಾಗುತ್ತಾ?” ಎಂದು ಕೇಳಿದರು.

ಹೋದೆ. ಯಜಮಾನರ ಜಗಲಿಯ ಮೇಲೆ ಆ ಭಾನುವಾರ ಸಾಲಿನ ಏಳೆಂಟು ಜನ ಸೇರಿದ್ದರು. ಅಪ್ಪನೂ ಇದ್ದರು. ನಾನು ಅಳತೆ ಹೇಳಿದೆ. ಒಂದನೆಯವರು ಮೊದಲು ಸಿಟ್ಟಾದರು. “ನಾಲ್ಕ್ ವರ್ಷ ಸುಮ್ನಿದ್ದು, ಈಗ ರೇಟ್ ಬಂತು ಅಂತ ಟೇಪ್ ತಂದ್ರಾ?” ಎಂದರು. ಟೀಚರ್ ಯಜಮಾನರ ಕಡೆ ತಿರುಗಿದರು.

“ಯಜಮಾನ್ರೇ, ನಾನ್ ಯಾರನ್ನೂ ಎಬ್ಬಿಸಲ್ಲ. ಮರದ ಪಕ್ಕದ್ದು ಖಾಲಿ ಇದೆಯಲ್ಲ. ಅದನ್ನ ಕೊಡಿ. ಮುನೇಶ್ವರ ನಂಗೇನೂ ಮಾಡಲ್ಲ.”

ಯಜಮಾನರು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡರು. “ಅದೀಗ ಬಸ್‌ಸ್ಟಾಪಿಗೆ ಮೊದಲನೇ ಸೈಟು ಕಣಮ್ಮಾ. ಆಗ ಯಾರೂ ಕೇಳ್ತಿರ್ಲಿಲ್ಲ. ಈಗ ಅಂಗಡಿ ಮಾಡೋರು ದಿನಾ ಬಂದು ಕೇಳ್ತಾವ್ರೆ. ಕಾಲುವೆ ರೇಟಲ್ಲಿ ಹೆಂಗೆ ಕೊಡ್ಲಿ?”

“ನಾನು ಕೊಂಡಿದ್ದು ಹನ್ನೆರಡನೇ ಸೈಟು. ಕಾಲುವೆ ಅಲ್ಲ.”

ಒಂದು ಗಂಟೆ ಮಾತಾಯಿತು. ಟೀಚರ್ ದೂರು ಹಿಡಿದು ತಾಲ್ಲೂಕು ಕಚೇರಿಗೆ ಹೋದರೆ ಇಡೀ ಸಾಲಿನ ಕಾಗದ ನಿಂತುಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಕೊನೆಗೆ ಯಜಮಾನರು ಮರದ ಪಕ್ಕದ ಸೈಟನ್ನು ಉದ್ದಕ್ಕೆ ಸೀಳಿ, ಮರದಿಂದ ದೂರದ ಹದಿನೈದು ಅಡಿ ಕೊಡುತ್ತೇನೆ ಎಂದರು. ಉಳಿದದ್ದು ದೇವರಿಗೆ ಬೇಕು ಎಂದರು. ದೇವರಿಗೋ ಅಂಗಡಿಗೋ ಎಂದು ಯಾರೋ ಹಿಂದಿನಿಂದ ಗೊಣಗಿದರು. ಅಪ್ಪ ಆ ಗಂಟೆಯಲ್ಲಿ ಒಂದು ಮಾತೂ ಆಡಲಿಲ್ಲ. ಅವರು ಒಮ್ಮೆ ಬಾಯಿ ತೆರೆದಿದ್ದರೆ ಪೂರ್ತಿ ಮೂವತ್ತು ಅಡಿ ಸಿಗುತ್ತಿತ್ತೇ? ಗೊತ್ತಿಲ್ಲ. ನನ್ನ ಮಾತು ಮುಗಿದ ಮೇಲೆ ನಾನೂ ಸುಮ್ಮನಿದ್ದೆ.

ಮಾರನೆಯ ದಿನ, ಸೋಮವಾರ ಬೆಳಿಗ್ಗೆ ಅದೇ ಜಗಲಿಯಲ್ಲಿ ಛಾಪಾ ಕಾಗದ ಸಿದ್ಧವಾಗಿತ್ತು. ಸಾಕ್ಷಿಗೆ ಇಬ್ಬರು ಬೇಕು ಎಂದರು. ಟೀಚರ್ ನಮ್ಮಿಬ್ಬರ ಕಡೆ ಕೈ ತೋರಿಸಿದರು. ಅಪ್ಪ ಮೊದಲು ಸಹಿ ಮಾಡಿ ಪೆನ್ನು ನನಗೆ ಕೊಟ್ಟರು. ನಾನು ಓದಿದೆ. ಹನ್ನೆರಡನೆಯ ನಂಬರಿನ ಸೈಟಿನ ಬದಲಿಗೆ ಹದಿನೈದು ಅಡಿ ಅಗಲದ ಜಾಗವನ್ನು ಯಾರ ಒತ್ತಾಯವೂ ಇಲ್ಲದೆ, ಪೂರ್ಣ ತೃಪ್ತಿಯಿಂದ ಒಪ್ಪಿಕೊಂಡಿದ್ದೇನೆ, ಸದರಿ ಸಾಲಿನ ಬೇರೆ ಯಾವ ಸೈಟಿನ ಮೇಲೂ ನನ್ನ ಹಕ್ಕು ಇರುವುದಿಲ್ಲ ಎಂದು ಟೀಚರ್ ಹೆಸರಿನಲ್ಲಿ ಬರೆದಿತ್ತು. ಆ ವಾಕ್ಯದಿಂದ ಮೊದಲು ಭದ್ರವಾಗುತ್ತಿದ್ದದ್ದು ನಮ್ಮ ಪಾಯ. ಮತ್ತೊಮ್ಮೆ ಓದಿದೆ.

“ಏನ್ ಓದ್ತೀಯಾ,” ಎಂದರು ಟೀಚರ್. ಟಿಫಿನ್ ಡಬ್ಬಿಯ ಚೀಲವನ್ನು ಆಗಲೇ ಹೆಗಲಿಗೆ ಹಾಕಿಕೊಂಡಿದ್ದರು. “ಸಹಿ ಮಾಡಮ್ಮಾ. ನಂಗೆ ಸ್ಕೂಲಿಗೆ ಹೊತ್ತಾಗುತ್ತೆ.”

ನಾನು ಸಹಿ ಮಾಡಿದೆ.