ಕರೆಂಟಿಲ್ಲದ ಮಧ್ಯಾಹ್ನ ಬಂದ ಮಾತು

ಇಂಥದ್ದನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ನೆನಪು ತನಗೆ ಬೇಕಾದ್ದನ್ನು ಸೇರಿಸಿಕೊಳ್ಳುತ್ತದೆ ಎಂಬ ಅನುಮಾನದಿಂದಲೇ ದಿನಚರಿ ಬರೆಯಲು ತೊಡಗಿದವಳು. ಆದರೆ ನನ್ನನ್ನು ಗೊಂದಲಕ್ಕೆ ಕೆಡವಿದ್ದು ಆ ದಿನಚರಿಯೇ.

ಎಂ.ಎ. ಓದುವಾಗ ಹರಪನಹಳ್ಳಿಯ ವೇಣಿ ಮತ್ತು ನಾನು ಹಾಸ್ಟೆಲಿನಲ್ಲಿ ಒಂದೇ ಕೋಣೆಯವರು. ನನ್ನನ್ನು ಅವಳು ಊರ ಹೆಸರಿನಿಂದಲೇ ಕರೆಯುತ್ತಿದ್ದಳು: ಕೂಡ್ಲಿಗಿ. ರಜೆಯಲ್ಲಿ ಕಂಪ್ಯೂಟರಿನ ಮೆಸೆಂಜರಿನಲ್ಲಿ ಮಾತಾಡುತ್ತಿದ್ದೆವು. ಎರಡೂ ಊರುಗಳಲ್ಲಿ ಒಟ್ಟಿಗೆ ಕರೆಂಟ್ ಇರುತ್ತಿದ್ದುದು ಮಧ್ಯಾಹ್ನ ಹನ್ನೆರಡರಿಂದ ಒಂದರವರೆಗೆ ಮಾತ್ರ. ಆ ಒಂದು ಗಂಟೆಗಾಗಿ ಕಾದು ಕಾದು, ದಿನಚರಿಯ ಪ್ರತಿ ಪುಟದ ನೆತ್ತಿಯಲ್ಲಿ ಕರೆಂಟ್ ಬಂದುಹೋದ ಹೊತ್ತನ್ನು ಬರೆದಿಡುವುದು ನನಗೆ ರೂಢಿಯಾಯಿತು. ಅವಳು ಇಂಗ್ಲಿಷ್ ಅಕ್ಷರಗಳಲ್ಲಿ ಕಳಿಸಿದ ಕನ್ನಡವನ್ನೂ ಅಲ್ಲೇ ಕೈಬರಹದಲ್ಲಿ ಇಳಿಸಿಕೊಳ್ಳುತ್ತಿದ್ದೆ.

ಕೊನೆಯ ಪರೀಕ್ಷೆಯ ಹಿಂದಿನ ದಿನ ಹಾಸ್ಟೆಲಿಗೆ ಅವಳ ಅಪ್ಪ ಫೋನು ಮಾಡಿದರು. ಎತ್ತಿದವಳು ನಾನು.

"ಅವರವ್ವಗ ಭಾಳ ಆರಾಮಿಲ್ಲವಾ, ವೇಣಿನ ಲಗೂನ ಕಳಸು."

ಪರೀಕ್ಷೆ ಮುಗಿಯಲಿ ಎಂದು ಒಂದು ದಿನ ಹೇಳದೆ ಇಟ್ಟುಕೊಂಡೆ. ಅವಳು ಊರು ಮುಟ್ಟುವಷ್ಟರಲ್ಲಿ ತಾಯಿ ಇರಲಿಲ್ಲ. ವೇಣಿ ನನ್ನೊಂದಿಗೆ ಮಾತು ಬಿಟ್ಟಳು.

ವರ್ಷಗಳು ಕಳೆದವು. ಎಲ್ಲರೂ ಮೊಬೈಲಿಗೆ ಹೋದರು. ಮೆಸೆಂಜರಿನ ಪಟ್ಟಿಯಲ್ಲಿ ಹೆಸರುಗಳ ಮುಂದಿದ್ದ ಹಸಿರು ದೀಪಗಳು ಒಂದೊಂದಾಗಿ ಬೂದಿಬಣ್ಣಕ್ಕೆ ತಿರುಗಿದವು. ಕಡೆಗೆ ಈ ಸೇವೆ ನಿಲ್ಲುತ್ತದೆ ಎಂಬ ಸೂಚನೆಯೂ ಬಂತು. ವೇಣಿಯ ಹೊಸ ನಂಬರು ನನ್ನಲ್ಲಿರಲಿಲ್ಲ. ನಮ್ಮಿಬ್ಬರ ನಡುವೆ ಉಳಿದಿದ್ದ ದಾರಿ ಅದೊಂದೇ ಎಂದು, ಆ ಕೊನೆಯ ದಿನಗಳಲ್ಲಿ ಹನ್ನೆರಡಾದರೆ ಅದರ ಮುಂದೆ ಹೋಗಿ ಕೂರುತ್ತಿದ್ದೆ.

ಒಂದು ಮಧ್ಯಾಹ್ನ, ಕಿಟಕಿಯಾಚೆ ಬೇವಿನ ಹೂ ಉದುರುತ್ತಿತ್ತು. ಬಿಸಿಲಿಗೆ ಬೀದಿಯೇ ಕಣ್ಣು ಮುಚ್ಚಿದಂತಿತ್ತು. ಅವಳ ಹೆಸರಿನ ಮುಂದೆ ಹಸಿರು ಹತ್ತಿತು.

"ಏನಲೇ ಕೂಡ್ಲಿಗಿ, ಇನ್ನೂ ಉಣ್ಣದ ಕುಂತೀಯೇನು?"

ನಾನು ಕೀಲಿಮಣೆಗೆ ಕೈ ಹಾಕುವಷ್ಟರಲ್ಲಿ ಮತ್ತೆ ಅಕ್ಷರಗಳು ಮೂಡಿದವು.

"ಅವ್ವ ಕಡೀಗೆ ಯಾರ ಗುರುತೂ ಹಿಡೀಲಿಲ್ಲಂತ. ವೇಣಿ ಸಾಲಿಂದ ಬಂದ್ಳಾ, ರೊಟ್ಟಿ ಮುಚ್ಚಿಟ್ಟೀನಿ, ಅಂತಿದ್ಲಂತ. ನೀನು ಅವತ್ತ ಹೇಳಿದ್ರೂ ಅಷ್ಟ. ಅಕಿ ಕಾಯ್ತಿದ್ದದ್ದು ಆ ಸಣ್ಣ ವೇಣಿನ. ಸಾಕು ಬಿಡಲೇ."

ದೀಪ ಆರಿತು. ಅಷ್ಟನ್ನೂ ದಿನಚರಿಯಲ್ಲಿ ಬರೆದುಕೊಂಡೆ. ಆ ಮಾತುಗಳ ಮೇಲೆ ಹಲವು ವರ್ಷ ನೆಮ್ಮದಿಯಾಗಿದ್ದೆ.

ಹೋದ ವರ್ಷ ಕೊಟ್ಟೂರಿನ ಒಂದು ಮದುವೆಯಲ್ಲಿ ವೇಣಿ ಕಂಡಳು. ನನ್ನನ್ನು ನೋಡಿ ಮುಖ ತಿರುಗಿಸಿದಳು. ಕೈ ತೊಳೆಯುವ ಕಡೆ ಅಡ್ಡ ನಿಂತು ಕೇಳಿದೆ, "ನೀನೇ ಮೆಸೆಂಜರಿನಲ್ಲಿ ಬರೆದಿದ್ದೆಯಲ್ಲ, ಸಾಕು ಬಿಡು ಅಂತ?"

"ನಾನೆಲ್ಲಿ ಬರದೀನಿ? ಕನಸು ಕಂಡೀಯೇನು? ಅದರ ಪಾಸ್‌ವರ್ಡ್ ಮರ್ತು ಎಷ್ಟ್ ವರ್ಷಾತು!"

ಮರುವಾರ ದಿನಚರಿ ಹಿಡಿದು ಹರಪನಹಳ್ಳಿಗೆ, ಅವಳ ಮನೆಗೇ ಹೋದೆ. ಪುಟ ತೆರೆದುಕೊಟ್ಟೆ. ಓದುತ್ತ ಓದುತ್ತ ಅವಳು ಕೆಳಗೆ ಕೂತಳು.

"ಈ ರೊಟ್ಟಿ ಮಾತು ಅಪ್ಪ ನನಗೊಬ್ಬಾಕಿಗೇ ಹೇಳಿದ್ದ. ಹೇಳಿ ಅತ್ತಿದ್ದ. ನಾನು ಯಾರ ಮುಂದೂ ಅಂದಿಲ್ಲ. ನಿನಗ್ಯಾರು ಹೇಳಿದ್ರು?"

ಅವಳ ಅಪ್ಪನೂ ಈಗಿಲ್ಲ. ಅವರು ನನ್ನೊಂದಿಗೆ ಮಾತಾಡಿದ್ದು ಆ ಒಂದೇ ಸಲ, ಫೋನಿನಲ್ಲಿ. ಅವಳ ಬೆರಳು ಪುಟದ ನೆತ್ತಿಗೆ ಹೋಗಿ ನಿಂತಿತು. ಇಷ್ಟು ವರ್ಷ ನಾನು ಅದನ್ನು ಗಮನಿಸಿರಲೇ ಇಲ್ಲ. ನನ್ನದೇ ಅಕ್ಷರ, ಅದೇ ಶಾಯಿ: ಬೆಳಿಗ್ಗೆಯಿಂದ ಕರೆಂಟ್ ಇಲ್ಲ. ಸಂಜೆ ಆರಕ್ಕೆ ಬಂತು.

"ಕರೆಂಟ್ ಇಲ್ಲದ ಹೆಂಗ ಮಾತಾಡಿದ್ವಲೇ ನಾವು?"

ನನ್ನದು ಬ್ಯಾಟರಿಯಿಲ್ಲದ ಹಳೆಯ ಡೆಸ್ಕ್‌ಟಾಪು. ಮೆಸೆಂಜರ್ ನಿಂತಾಗ ಅದರೊಳಗಿನ ಮಾತುಕತೆಗಳೂ ಹೋದವು. ತೆಗೆದು ನೋಡಲು ಎಲ್ಲೂ ಏನೂ ಇಲ್ಲ. ಸೆಕೆಗೆ ತೂಕಡಿಸಿ ಕನಸು ಕಂಡಿರಬಹುದು, ಕ್ಷಮೆ ಬೇಕಾಗಿತ್ತು, ನಾನೇ ಬರೆದುಕೊಂಡಿರಬಹುದು. ಅಲ್ಲಿಯವರೆಗೂ ಒಪ್ಪುತ್ತೇನೆ. ಆದರೆ ಆ ರೊಟ್ಟಿಯನ್ನು ನನ್ನ ಕನಸು ಎಲ್ಲಿಂದ ತಂದಿತು?

ವೇಣಿ ಪುಟದ ಮೇಲೆ ಕೈಯಿಟ್ಟು ಕೇಳಿದಳು, "ಈ ಹಾಳಿ ನನಗ ಕೊಡ್ತೀಯೇನು? ಅವ್ವನ ಮಾತು ಐತಿ ಇದ್ರಾಗ."

ದಿನಚರಿಯಿಂದ ಒಂದು ಪುಟವನ್ನೂ ಎಂದೂ ಹರಿದವಳಲ್ಲ ನಾನು. ಹರಿದು ಕೊಟ್ಟೆ. ಅವಳು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದುಕೊಂಡಳು. ಬಾಗಿಲವರೆಗೆ ಬಂದಳು. "ಸಾಕು ಬಿಡಲೇ" ಅನ್ನುತ್ತಾಳೇನೋ ಎಂದು ಚಪ್ಪಲಿ ಮೆಟ್ಟುವುದನ್ನು ತಡಮಾಡಿದೆ. ಅವಳು ಅನ್ನಲಿಲ್ಲ. "ಬಿಸ್ಲು ಐತಿ, ತಲಿಮ್ಯಾಲೆ ಸೆರಗು ಹಾಕ್ಕಂಡು ಹೋಗು ಕೂಡ್ಲಿಗಿ" ಎಂದಳು.

ಈಗ ಆ ಪುಟವೂ ನನ್ನಲ್ಲಿಲ್ಲ. ಇಷ್ಟನ್ನೂ ನೆನಪಿನಿಂದಲೇ ಬರೆದಿದ್ದೇನೆ, ನಾನು ಎಂದೂ ನಂಬದ ನೆನಪಿನಿಂದ.